ಮಂಡಗದ್ದೆಯ ಹಕ್ಕಿಗಳೂ ಮಲೆನಾಡಿನ ರಾಮಾಯಣವೂ

ನಮ್ಮ ನಾಡಿನಲ್ಲಿ ನೋಡತಕ್ಕ ಸ್ಥಳಗಳೆಂದರೆ ದೊಡ್ಡ ದೇವಾಲಯಗಳನ್ನೂ ಜಲಪಾತಗಳನ್ನೂ ಕೋಟೆಕೊತ್ತಲಗಳನ್ನೂ ಎಣಿಸುವುದು ಜನರ ವಾಡಿಕೆ. ಇವಾವುವೂ ಇಲ್ಲದ ಒಂದು ಸಣ್ಣ ಊರನ್ನು ಕುರಿತು ವಾಚಕರಲ್ಲಿ ನಾಲ್ಕು ಮಾತು ಬಿನ್ನವಿಸಿಕೊಳ್ಳಬೇಕೆಂದು ನನ್ನ ಆಸೆ. ಆ ಊರಿನ ಹೆಸರು ಮಂಡಗದ್ದೆ. ಶಿವಮೊಗ್ಗೆಯಿಂದ ತೀರ್ಥಹಳ್ಳಿಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು ೩೦ ಕಿಲೋಮೀಟರು ಸಾಗಿದರೆ, ಎಂದರೆ ಹೆಚ್ಚುಕಡಿಮೆ ನಡುದಾರಿಯಲ್ಲಿ, ಅದು ಸಿಕ್ಕುತ್ತದೆ. ಗಾಜನೂರಿನ ಅಣೆಕಟ್ಟೆಯನ್ನೂ ಸಕ್ರೆಬೈಲಿನ ಆನೆಬಿಡಾರವನ್ನೂ ದಾಟಿದ ಮೇಲೆ ಕಾಡು ರಸ್ತೆಯ ಹತ್ತಿರಕ್ಕೆ ಸರಿಯುತ್ತದೆ. ಮರಗಳ ಸಂದಿನಲ್ಲಿ ತುಂಗೆಯು ಒಮ್ಮೆ ತೋರಿ ಒಮ್ಮೆ ಮರೆಯಾಗುತ್ತ ನಮ್ಮೊಡನೆ ಬರುತ್ತಾಳೆ. ಮಂಗಳೂರಿನ ಕಡೆಗೆ ಧಾವಿಸುವ ವಾಹನಗಳವರು ಬಹುಮಂದಿ ಈ ಊರನ್ನು ಗಮನಿಸದೆಯೇ ಹೋಗಿಬಿಡುವರು. ಆದರೆ ಮಳೆಗಾಲದಲ್ಲಿ ಇಲ್ಲಿ ಅರ್ಧ ಗಂಟೆ ನಿಂತವರು ಮನೆಗೆ ಬರಿಗೈಯಲ್ಲಿ ಹಿಂದಿರುಗುವುದಿಲ್ಲ.

ಊರಿನ ಬಳಿ ತುಂಗೆಯ ನಡುವೆ ಒಂದು ಪುಟ್ಟ ನಡುಗಡ್ಡೆ ಇದೆ. ಅದರ ವಿಸ್ತಾರ ಸುಮಾರು ಒಂದು ಎಕರೆ. ನಮ್ಮ ಹಳ್ಳಿಯ ಒಂದು ದೊಡ್ಡ ಕಣವೂ ಹಿತ್ತಿಲೂ ಸೇರಿದರೆ ಆಗುವಷ್ಟು ನೆಲ. ಆಷಾಢದ ಮಳೆ ಹಿಡಿದು ಹೊಳೆ ಕೆಂಪಾಗಿ ಉಬ್ಬಿತೆಂದರೆ ನೆಲವೆಂಬುದು ಕಾಣುವುದೇ ಇಲ್ಲ; ಗಿಡಮರಗಳ ತಲೆಗಳು ಮಾತ್ರ ನೀರಿನ ಮೇಲೆ ನಿಂತಿರುತ್ತವೆ. ಆಗ ಬರುತ್ತವೆ ಹಕ್ಕಿಗಳು. ಹಸುರು ಮರಗಳ ಮೇಲೆ ಮಲ್ಲಿಗೆಯ ರಾಶಿ ಸುರಿದಂತೆ ಬೆಳ್ಳಕ್ಕಿಗಳು. ಅವುಗಳ ನಡುವೆ ಕಪ್ಪಗೆ ಮಿರುಗುವ ನೀರುಕಾಗೆಗಳು. ನೀರಿನಲ್ಲಿ ಮೈಯೆಲ್ಲ ಮುಳುಗಿಸಿ ಕತ್ತನ್ನಷ್ಟೇ ಹಾವಿನಂತೆ ಎತ್ತಿ ಈಜುವುದರಿಂದ ಆ ಹೆಸರನ್ನೇ ಪಡೆದ ಹಾವಕ್ಕಿಗಳು. ಈ ಹಾವಕ್ಕಿಯ ಗರಿಗೆ ನೀರನ್ನು ತಡೆಯುವ ಜಿಡ್ಡಿನ ಗುಣ ಸಾಲದು. ಗರಿ ನೆನೆದರೆ ಮೈ ಭಾರವಾಗಿ ಆಳಕ್ಕೆ ಮುಳುಗುವುದು ಸುಲಭ. ಆದರೆ ಮೀನು ಹಿಡಿದು ಬಂದ ಮೇಲೆ ರೆಕ್ಕೆಗಳನ್ನು ಅಗಲವಾಗಿ ಹರಡಿಕೊಂಡು ಬಿಸಿಲಿಗೆ ಕಾದು ಕುಳಿತಿರಬೇಕು. ಮಲೆನಾಡಿನ ಮಳೆಗಾಲದಲ್ಲಿ ಬಿಸಿಲೆಲ್ಲಿ ಬರಬೇಕು! ಆದರೂ ಅದು ಕಾಯುತ್ತದೆ.

ಬೇರೆ ಕಾಲವನ್ನೆಲ್ಲ ಬಿಟ್ಟು ಹೊಳೆ ಹುಚ್ಚೆದ್ದು ಹರಿಯುವಾಗಲೇ, ಅದೂ ನಟ್ಟನಡುವೆ, ಈ ಹಕ್ಕಿಗಳು ಗೂಡು ಕಟ್ಟುವುದೇತಕ್ಕೆ? ನಾವು ಹೋದ ದಿನ ನಮ್ಮೊಡನಿದ್ದ ಹುಡುಗನು ಈ ಪ್ರಶ್ನೆಯನ್ನು ದಡದಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ನಿಂತಿದ್ದ ಮುದುಕರೊಬ್ಬರಿಗೆ ಹಾಕಿದನು.

“ಅಜ್ಜಯ್ಯ, ಹಕ್ಕಿಗಳಿಗೆ ಹೆದರಿಕೆ ಆಗುವುದಿಲ್ಲವೆ?”

“ಹೆದರಿಕೆ ಇರೂದಕ್ಕೇ ಅಲ್ಲಿಗೆ ಹೋಗಿದಾವೆ ಮಗಾ. ಈ ಸೆಳವಿನಲ್ಲಿ ಕಾಡುಬೆಕ್ಕು ಈಜಿ ಬರ್ತದಾ? ಮಂಗ ಬರ್ತದಾ? ಮನುಷ್ಯನಾದರೂ ಬರ್ತಾನಾ? ಹೊಳೆಯೇ ಅವಕ್ಕೆ ಬೇಲಿ” ಎಂದರು ಅವರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮಪ್ಪನ ಕಾಲದಲ್ಲಿ ಮನೆಗೊಂದು ಕೋವಿ. ಹಂದಿ, ಕಾಡುಕೋಳಿ, ಮೊಲ, ಯಾವುದನ್ನೂ ಬಿಡ್ತಿರಲಿಲ್ಲ. ಆದರೆ ಗೂಡಿನಲ್ಲಿ ಕೂತ ಹಕ್ಕಿಗೆ ಕೋವಿ ಎತ್ತಿದರೆ ನಮ್ಮವ್ವ ಆವತ್ತು ಒಲೆ ಹಚ್ಚುತ್ತಿರಲಿಲ್ಲ” ಎಂದು ನಕ್ಕರು.

ಮುದುಕರು ಹೇಳಿದ ಕಾರಣ ಸರಿಯೇ ಸರಿ. ಅದರೊಡನೆ ಇನ್ನೊಂದು ಕಾರಣವೂ ಉಂಟು. ಮೊದಲ ಮಳೆಗೆ ಹೊಳೆಯ ಮೀನುಗಳು ಮೊಟ್ಟೆಯಿಡುವುದಕ್ಕಾಗಿ ಹಳ್ಳಗಳನ್ನು ಹಿಡಿದು ಗದ್ದೆಗಳವರೆಗೂ ಏರಿ ಬರುತ್ತವೆ. ಮಲೆನಾಡಿನವರು ಇದನ್ನು ಹತ್ತುಮೀನು ಎನ್ನುವರು. ಗದ್ದೆಯ ತೆಳುನೀರಿನಲ್ಲಿ ಮೀನಿನ ಮರಿ, ಕಪ್ಪೆ, ಏಡಿ, ಹುಳುಹುಪ್ಪಟೆಗಳು ತುಂಬಿಕೊಂಡಿರುವ ಈ ಕಾಲವೇ ಮರಿಗಳ ಹೊಟ್ಟೆ ತುಂಬಿಸಲು ತಾಯಿಹಕ್ಕಿಗೆ ಅನುಕೂಲವಾದ ಕಾಲ. ಹೀಗೆ ಹೊಳೆಯು ಬೇಲಿ, ಗದ್ದೆಯು ಕಣಜ. ಆಶ್ವಯುಜ ಕಳೆದು ನೀರು ತಿಳಿಯಾಗುವ ವೇಳೆಗೆ ಮರಿಗಳು ರೆಕ್ಕೆ ಬಲಿತು ಹೊರಟಿರುತ್ತವೆ.

ಅಜ್ಜಯ್ಯನವರ ಮನೆಯ ಆ ತಾಯಿಯ ಮಾತು ನನ್ನ ಮನಸ್ಸಿನಲ್ಲಿ ಬಹಳ ಹೊತ್ತು ಉಳಿಯಿತು. ಬೇಟೆಯನ್ನು ಬಿಡದ ಮನೆಯಲ್ಲಿಯೇ ಬೇಟೆಗೆ ಒಂದು ಗೆರೆಯನ್ನು ಎಳೆದವಳು ಆಕೆ. ಯೋಚಿಸಿ ನೋಡಿದರೆ ಈ ತುಂಗೆಯ ಕಣಿವೆಯ ಪುರಾಣಗಳೆಲ್ಲವೂ ಅಂತಹ ಗೆರೆಯನ್ನು ಕುರಿತವೇ ಆಗಿವೆ. ತುಂಗೆಭದ್ರೆಯರು ವರಾಹಸ್ವಾಮಿಯ ಎರಡು ಕೋರೆದಾಡೆಗಳಿಂದ ಇಳಿದುಬಂದರೆಂಬ ಕಥೆಯನ್ನು ಎಲ್ಲರೂ ಬಲ್ಲರು. ಹಿರಣ್ಯಾಕ್ಷನನ್ನು ಕೊಂದು ದಣಿದು ಕುಳಿತ ದೇವನ ದಾಡೆಯಿಂದ ಜನಿಸಿದ ನೀರು ಇದು. ಇಲ್ಲಿಂದ ಮೇಲಕ್ಕೆ ತೀರ್ಥಹಳ್ಳಿಗೆ ಹೋದರೆ ಹೊಳೆಯ ಮಧ್ಯದಲ್ಲಿ ಪರಶುರಾಮತೀರ್ಥವಿದೆ. ತಂದೆಯ ಮಾತಿಗೆ ಕಟ್ಟುಬಿದ್ದು ತಾಯಿ ರೇಣುಕೆಯ ಶಿರಸ್ಸನ್ನು ಕಡಿದ ಪರಶುರಾಮನ ಕೊಡಲಿಗೆ ಅಂಟಿದ ರಕ್ತವು ಎಲ್ಲಿ ತೊಳೆದರೂ ಹೋಗದೆ, ಕಡೆಗೆ ಈ ತುಂಗೆಯಲ್ಲಿ ತೊಳೆದಾಗ ಹೋಯಿತಂತೆ. ಇಂದಿಗೂ ಎಳ್ಳಮಾವಾಸ್ಯೆಯ ಜಾತ್ರೆಯಲ್ಲಿ ಸಾವಿರಾರು ಜನರು ಅಲ್ಲಿ ಮುಳುಗಿ ಏಳುತ್ತಾರೆ. ಅದೇ ತಾಲ್ಲೂಕಿನಲ್ಲಿ ಮೃಗವಧೆ ಎಂಬ ಊರೂ ಇದೆ. ಸೀತೆಯು ಬಯಸಿದ ಹೊನ್ನಿನ ಜಿಂಕೆಯನ್ನು, ಎಂದರೆ ಮಾರೀಚನನ್ನು, ಶ್ರೀರಾಮನು ಬಾಣದಿಂದ ಕೆಡವಿದ್ದು ಅಲ್ಲಿಯೇ ಎಂದು ಸ್ಥಳಪುರಾಣ.

ಗೋದಾವರಿಯ ದಡದ ಪಂಚವಟಿಯಲ್ಲಿ ನಡೆದ ಕಥೆಯು ತುಂಗೆಯ ದಡಕ್ಕೆ ಹೇಗೆ ಬಂದಿತೆಂದು ಯಾರಾದರೂ ಕೇಳಬಹುದು. ಕೇಳುವುದು ತಪ್ಪಲ್ಲ. ಆದರೆ ಊರಿನವರಿಗೆ ಅದು ಭೂಗೋಳದ ಪ್ರಶ್ನೆಯಾಗಿರಲಿಲ್ಲ. ಹಳುವನ್ನು ನುಗ್ಗಿ ಪ್ರಾಣಿಯನ್ನು ಸೋವಿದವರು, ಗಾಯಗೊಂಡ ಜಿಂಕೆಯ ಕೂಗನ್ನು ಕಿವಿಯಾರೆ ಕೇಳಿದವರು ಅವರು. ಜಿಂಕೆಯ ಬಾಯಿಂದ ಮನುಷ್ಯನ ದನಿ ಬಂದಿತೆಂಬ ರಾಮಾಯಣದ ಮಾತು ಅವರಿಗೆ ಸೋಜಿಗವಾಗಿ ಕಾಣಲಿಲ್ಲ. ತಮ್ಮ ಕಾಡಿನಲ್ಲಿಯೇ ಅದು ನಡೆದಿರಬೇಕೆಂದು ತೋರಿತು. ತನ್ನ ನೆನಪಿನಲ್ಲಿ ಇರುವುದಕ್ಕೆ ಪುರಾಣದಲ್ಲಿ ಒಂದು ಹೆಸರು ದೊರೆತಾಗ ಜನರು ಆ ಹೆಸರನ್ನು ತಮ್ಮ ಊರಿಗೆ ಇಟ್ಟುಕೊಳ್ಳುತ್ತಾರೆ.

ಹೀಗೆ ಊರುಗಳು ಮಾಡಿದ ಕೆಲಸವನ್ನೇ ಒಂದು ಮಹಾಕಾವ್ಯದ ಅಳತೆಯಲ್ಲಿ ಮಾಡಿದವರು ಇದೇ ತಾಲ್ಲೂಕಿನ ಕುಪ್ಪಳಿಯ ಕವಿ ಕುವೆಂಪು. ೧೯೦೪ನೆಯ ಇಸವಿ ಡಿಸೆಂಬರ್ ೨೯ರಂದು ಕೊಪ್ಪದ ಕಡೆಯ ಹಿರೇಕೊಡಿಗೆಯಲ್ಲಿ ತಾಯಿಯ ತೌರುಮನೆಯಲ್ಲಿ ಹುಟ್ಟಿ, ಕುಪ್ಪಳಿಯ ದೊಡ್ಡ ತೊಟ್ಟಿಯ ಮನೆಯಲ್ಲಿ ಬೆಳೆದ ಅವರ ಬಾಲ್ಯವೆಲ್ಲವೂ ಈ ಮಲೆಯ ಮಡಿಲಿನಲ್ಲಿಯೇ ಕಳೆಯಿತು. ಮನೆಯ ಹಿಂದೆಯೇ ಕಾಡು. ಆ ಕಾಲದ ಮಲೆನಾಡಿನ ಗೌಡರ ಮನೆಗಳಲ್ಲಿ ಎರಡು ವಸ್ತುಗಳು ತಪ್ಪದೆ ಇರುತ್ತಿದ್ದುವು: ಗೋಡೆಯ ಮೇಲೆ ಕೋವಿ, ಮಣೆಯ ಮೇಲೆ ಓಲೆಯದೋ ಅಚ್ಚಿನದೋ ಒಂದು ಕಾವ್ಯ. ಹಗಲು ಬೇಟೆ, ಮಳೆ ಹಿಡಿದ ಇರುಳುಗಳಲ್ಲಿ ಜಗುಲಿಯ ದೀಪದ ಬೆಳಕಿನಲ್ಲಿ ಜೈಮಿನಿ ಭಾರತ, ತೊರವೆ ರಾಮಾಯಣಗಳ ವಾಚನ. ಹಗಲು ಕಂಡ ರಕ್ತವೂ ಇರುಳು ಕೇಳಿದ ಕಥೆಯೂ ಒಂದೇ ಹುಡುಗನ ಮನಸ್ಸಿನಲ್ಲಿ ಅಕ್ಕಪಕ್ಕದಲ್ಲಿ ಮಲಗಿದುವು. ೧೯೩೩ರಲ್ಲಿ ಪ್ರಕಟವಾದ ‘ಮಲೆನಾಡಿನ ಚಿತ್ರಗಳು’ ಎಂಬ ಪುಸ್ತಕದಲ್ಲಿ ಆ ಬೇಟೆಯ ದಿನಗಳು ನಗುವೂ ಬೆರಗೂ ಕೂಡಿ ಬಂದಿವೆ. ಮುಂದೆ ಅವರು ಬೇಟೆಗಾರರಾಗಲಿಲ್ಲ, ಕವಿಗಳಾದರು. ಆದರೆ ಬೇಟೆಯ ನೆನಪು ಅವರನ್ನು ಬಿಡಲಿಲ್ಲ.

ರಾಮಾಯಣವು ಹುಟ್ಟಿದ್ದಾದರೂ ಹೇಗೆ? ನಮ್ಮ ಮನೆಗಳ ಮಕ್ಕಳಿಗೂ ತಿಳಿದ ಕಥೆ ಅದು. ತಮಸಾ ನದಿಯ ತೀರದಲ್ಲಿ ಜೋಡಿಯಾಗಿದ್ದ ಕ್ರೌಂಚಪಕ್ಷಿಗಳಲ್ಲಿ ಒಂದನ್ನು ಬೇಡನು ಹೊಡೆದು ಕೆಡಹಿದನು. ಉಳಿದ ಹಕ್ಕಿಯ ಗೋಳನ್ನು ಕೇಳಿ ವಾಲ್ಮೀಕಿಯ ಬಾಯಿಂದ ಹೊರಟ ಶೋಕವು ಶ್ಲೋಕವಾಯಿತು. ಕ್ರೌಂಚವೆಂದರೆ ಯಾವ ಹಕ್ಕಿಯೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಸಾರಸವೆಂದು ಹಲವರ ಮತ. ಯಾವುದಾದರೂ ಆಗಲಿ, ನೀರಿನ ಬದಿಯ ನೀಳಗೊರಳಿನ ಹಕ್ಕಿಯೊಂದು ಬೀಳದೆ ಇದ್ದಿದ್ದರೆ ನಮಗೆ ರಾಮಾಯಣವಿಲ್ಲ. ಇದಕ್ಕೆ ಹಿಂದಿನದೊಂದು ಕಥೆಯನ್ನೂ ನಮ್ಮ ಅಜ್ಜಿಯರು ಹೇಳುತ್ತಿದ್ದರು: ವಾಲ್ಮೀಕಿಯೇ ಹಿಂದೆ ಬೇಡನಾಗಿದ್ದನೆಂದು. ಹಾಗಾದರೆ ಹಕ್ಕಿ ಬಿದ್ದಾಗ ಅವನು ಕಂಡದ್ದು ಎದುರಿನ ಬೇಡನನ್ನು ಮಾತ್ರವಲ್ಲ. ತನ್ನ ನೆನಪಿನಲ್ಲಿದ್ದ ಬೇಡನನ್ನೂ ಕಂಡಿರಬೇಕು. ಕೊಲ್ಲುವುದೇನೆಂದು ಅರಿಯದವನಿಗೆ ಅಷ್ಟು ಆಳವಾದ ಮರುಕ ಬರುವುದು ಕಷ್ಟ.

ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವೂ ಈ ಕ್ರೌಂಚದ ಪ್ರಸಂಗದಿಂದಲೇ ಮೊದಲಾಗುತ್ತದೆ. ೧೯೩೬ರಿಂದ ೧೯೪೬ರವರೆಗೆ ಹತ್ತು ವರ್ಷಗಳ ದುಡಿಮೆ ಅದು, ೧೯೪೯ರಲ್ಲಿ ಪ್ರಕಟವಾಯಿತು. ಇಪ್ಪತ್ತೆರಡು ಸಾವಿರಕ್ಕೂ ಮೀರಿದ ಪಂಕ್ತಿಗಳು, ಅಯೋಧ್ಯಾ, ಕಿಷ್ಕಿಂಧಾ, ಲಂಕಾ, ಶ್ರೀ ಎಂಬ ನಾಲ್ಕು ಸಂಪುಟಗಳು. ೧೯೫೫ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಮುಂದೆ ೧೯೬೭ರ ಸಾಲಿನ ಜ್ಞಾನಪೀಠ ಪ್ರಶಸ್ತಿಯೂ ಇದಕ್ಕೆ ಸಂದವು. ಕನ್ನಡಕ್ಕೆ ಬಂದ ಮೊದಲನೆಯ ಜ್ಞಾನಪೀಠ ಅದು. ಇವೆಲ್ಲ ಪಾಠದ ಪುಸ್ತಕಗಳಲ್ಲಿ ಇರುವ ಸಂಗತಿಗಳು. ಅಷ್ಟಾಗಿ ನೆನೆಯದ ಸಂಗತಿಯೊಂದುಂಟು: ಈ ಕಾವ್ಯದ ಬಹುಭಾಗವು ರೂಪುಗೊಂಡದ್ದು ಮಲೆನಾಡಿನಲ್ಲಲ್ಲ. ಅವರು ಆಗ ಊರಿನಿಂದ ದೂರದಲ್ಲಿ, ಮೈಸೂರು ಬೆಂಗಳೂರುಗಳ ಕಡೆ, ಕಾಲೇಜಿನ ಅಧ್ಯಾಪಕರಾಗಿದ್ದರು. ಕಣ್ಣೆದುರಿಗೆ ಬೀದಿಯೂ ಕಟ್ಟಡವೂ ಇದ್ದಾಗ ಕಾವ್ಯದೊಳಗೆ ಸುರಿದ ಮಳೆಯು ನೆನಪಿನ ಮಳೆ.

ಆ ಮಳೆಯನ್ನು ಕಿಷ್ಕಿಂಧೆಯ ಭಾಗದಲ್ಲಿ ನೋಡಬೇಕು. ವಾಲಿವಧೆಯಾದ ಮೇಲೆ, ಮಳೆಗಾಲ ಕಳೆಯುವವರೆಗೆ ಸೀತೆಯನ್ನು ಹುಡುಕಹೋಗುವಂತಿಲ್ಲದೆ, ರಾಮಲಕ್ಷ್ಮಣರು ಗಿರಿಗುಹೆಯಲ್ಲಿ ನಾಲ್ಕು ತಿಂಗಳು ಕಾಯುತ್ತಾರೆ. ವಾಲ್ಮೀಕಿಯಲ್ಲಿಯೂ ಈ ವರ್ಷಾಕಾಲದ ವರ್ಣನೆ ಬಹು ಸೊಗಸಾದದ್ದು. ಆದರೆ ಕನ್ನಡ ಕಾವ್ಯದ ಮಳೆ ಆಗುಂಬೆಯ ದಿಕ್ಕಿನಿಂದ ಬಂದ ಮಳೆ. ವಾರಗಟ್ಟಲೆ ಸೂರ್ಯನನ್ನು ಕಾಣಿಸದೆ, ಕಾಡಿನ ಸದ್ದನ್ನೆಲ್ಲ ತನ್ನ ಸದ್ದಿನಲ್ಲಿ ಮುಳುಗಿಸಿ, ಮನುಷ್ಯನನ್ನು ಅವನ ಚಿಂತೆಯೊಡನೆ ಒಂಟಿಯಾಗಿ ಕೂಡಿಹಾಕುವ ಮಳೆ ಅದು. ಅಂತಹ ಮಳೆಯನ್ನು ಜಗುಲಿಯಲ್ಲಿ ಕುಳಿತು ಕಳೆದ ಹುಡುಗನಿಗೆ ಮಾತ್ರ ರಾಮನ ಕಾಯುವಿಕೆ ಎಷ್ಟು ಉದ್ದವೆಂದು ತಿಳಿದೀತು. ನೋಡಿರಿ, ಮಂಡಗದ್ದೆಯ ಹಕ್ಕಿಗಳು ಗೂಡಿನಲ್ಲಿ ಕಾಯುವುದೂ ಇವೇ ನಾಲ್ಕು ತಿಂಗಳು.

ನೆನಪು ಪುರಾಣಕ್ಕೆ ಕೊಟ್ಟದ್ದು ಮಳೆಕಾಡುಗಳ ಚೆಲುವನ್ನು ಮಾತ್ರವೇ ಆಗಿದ್ದರೆ ಈ ಕಾವ್ಯ ಅಷ್ಟು ದೊಡ್ಡದಾಗುತ್ತಿರಲಿಲ್ಲ. ಬೇಟೆಯ ಮನೆಯಲ್ಲಿ ಹುಟ್ಟಿದ ಮರುಕವು ಕಥೆಯ ಒಳಕ್ಕೇ ಇಳಿದಿದೆ. ಹಿಂದಿನ ರಾಮಾಯಣಗಳಲ್ಲಿ ಎಲ್ಲರೂ ಕಲ್ಲೆಸೆದ ಮಂಥರೆ ಇಲ್ಲಿ ಭರತನ ಮೇಲಿನ ಮಮತೆಯ ಸುಳಿಗೆ ಸಿಕ್ಕಿದ ಮುದುಕಿ. ಹದಿನಾಲ್ಕು ವರ್ಷ ಯಾರ ಕಣ್ಣಿಗೂ ಬೀಳದೆ ಉಳಿದ ಊರ್ಮಿಳೆ ಇಲ್ಲಿ ತಪಸ್ವಿನಿ. ರಾವಣನಂಥ ರಾವಣನಿಗೂ ಮನಸ್ಸು ತಿರುಗುವ ದಾರಿಯೊಂದನ್ನು ಕವಿ ತೆರೆದಿಟ್ಟಿದ್ದಾರೆ. ಸೀತೆಯು ಅಗ್ನಿಯನ್ನು ಪ್ರವೇಶಿಸುವಾಗ ರಾಮನೂ ಅವಳೊಡನೆ ಅಗ್ನಿಯನ್ನು ಪ್ರವೇಶಿಸುತ್ತಾನೆ. ಸೋದರಿಯರೇ, ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟು ಯೋಚಿಸಿರಿ: ಸಾವಿರಾರು ವರ್ಷ ನಮ್ಮ ಹೆಣ್ಣುಮಕ್ಕಳು ಕೇಳಿ ಮೌನವಾಗಿ ಕಣ್ಣೊರೆಸಿಕೊಂಡ ಘಟನೆಗೆ ತುಂಗೆಯ ಕಡೆಯ ಕವಿಯೊಬ್ಬರು ಇಂತಹ ಉತ್ತರವನ್ನು ಕೊಟ್ಟರು. ಕೊಡಲಿಯನ್ನು ಹೊಳೆಯಲ್ಲಿ ತೊಳೆದ ಕಥೆಯನ್ನು ಕೇಳಿ ಬೆಳೆದವರಿಗೆ, ಹಳೆಯ ಕಥೆಗೆ ಅಂಟಿದ ಕಲೆಯನ್ನು ತೊಳೆಯಬಹುದೆಂಬ ನಂಬಿಕೆ ಇರುವುದು ಸಹಜವೇ.

ಹಕ್ಕಿಯ ಮಾತು ಇಷ್ಟಕ್ಕೇ ಮುಗಿಯುವುದಿಲ್ಲ. ೧೯೪೬ರಲ್ಲಿ ಪ್ರಕಟವಾದ ಕುವೆಂಪು ಅವರ ಕವನಸಂಗ್ರಹವೊಂದಕ್ಕೆ ‘ಪಕ್ಷಿಕಾಶಿ’ ಎಂದು ಹೆಸರು. ಹಕ್ಕಿಗಳಿಗೊಂದು ಕಾಶಿ! ಆ ಹೆಸರನ್ನು ಕೇಳಿದ ಮೇಲೆ ಮಂಡಗದ್ದೆಯ ನಡುಗಡ್ಡೆಯನ್ನು ನೋಡುವವರಿಗೆ ಬೇರೆ ಹೆಸರು ಬಾಯಿಗೆ ಬರುವುದಿಲ್ಲ.

ಹಕ್ಕಿಗಳಿಗೆ ಇಂತಹ ತಾಣ ಎಷ್ಟು ಅವಶ್ಯಕವೆಂಬುದಕ್ಕೆ ಹೊರಗಿನ ಪ್ರಪಂಚದ ಒಂದು ನಿದರ್ಶನ ಸಾಕು. ಗೂಡುಕಟ್ಟುವ ಕಾಲದಲ್ಲಿ ಬೆಳ್ಳಕ್ಕಿಯ ಬೆನ್ನಿನಲ್ಲಿ ನೂಲಿನಂತಹ ನವುರಾದ ಬಿಳಿಯ ಗರಿಗಳು ಮೂಡುತ್ತವೆ. ಹತ್ತೊಂಬತ್ತನೆಯ ಶತಮಾನದ ಕಡೆಯಲ್ಲಿ ಯುರೋಪು ಅಮೆರಿಕಗಳ ಶ್ರೀಮಂತ ಸ್ತ್ರೀಯರ ಟೋಪಿಗಳಿಗೆ ಈ ಗರಿ ಅಲಂಕಾರವಾಯಿತು. ಗರಿಯಿರುವುದು ಗೂಡಿನ ಕಾಲದಲ್ಲಿ. ಆದುದರಿಂದ ಗರಿಗಾಗಿ ತಾಯಿಯನ್ನು ಕೊಂದರೆ ಗೂಡಿನ ಮರಿಗಳೂ ಹಸಿದು ಸಾಯಬೇಕು. ಇಂಡಿಯಾ ಸರ್ಕಾರವು ೧೯೦೨ರಲ್ಲಿ ಕಾಡುಹಕ್ಕಿಗಳ ಗರಿಯನ್ನು ಹೊರದೇಶಕ್ಕೆ ಕಳುಹಿಸುವುದನ್ನು ನಿಷೇಧಿಸಿತು. ಇಂಗ್ಲೆಂಡಿನಲ್ಲಿ ಆಮದನ್ನು ತಡೆಯುವ ಶಾಸನ ಬಂದದ್ದು ೧೯೨೧ರಲ್ಲಿ. ಅಲ್ಲಿಯೂ ಆ ಶಾಸನಕ್ಕಾಗಿ ಬಹಳವಾಗಿ ಹೋರಾಡಿದವರು ಸ್ತ್ರೀಯರೇ. ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಾದ ಮೇಲೆ ಬೇಟೆಯು ಅಪರಾಧವಾಯಿತು. ಮಲೆನಾಡಿನ ಗೋಡೆಗಳ ಮೇಲಿನ ಕೋವಿಗಳು ಮೌನವಾದುವು. ಮಂಡಗದ್ದೆಯೂ ಈಗ ರಕ್ಷಿತವಾದ ಪಕ್ಷಿಧಾಮ.

ಹಾಗಾದರೆ ಇನ್ನು ಭಯವಿಲ್ಲವೆ? ಇದೆ, ಅದು ಕೋವಿಯದಲ್ಲ. ಮಲೆನಾಡಿನಲ್ಲಿ ಭತ್ತದ ಗದ್ದೆಗಳು ವರ್ಷ ವರ್ಷವೂ ಅಡಕೆಯ ತೋಟಗಳಾಗಿ ಮಾರ್ಪಡುತ್ತಿವೆ. ಸಾಗುವಳಿಗಾರರನ್ನು ದೂರುವಂತಿಲ್ಲ, ಭತ್ತಕ್ಕೆ ಹಾಕಿದ ದುಡ್ಡೂ ಹಿಂದಿರುಗದ ಕಾಲ, ನಾಟಿಗೆ ಆಳು ಸಿಕ್ಕದ ಕಾಲ. ಆದರೆ ಗದ್ದೆಯ ನೀರು ಹೋದರೆ ಹತ್ತುಮೀನು ಎಲ್ಲಿಗೆ ಹತ್ತಬೇಕು? ಉಳಿದ ಗದ್ದೆಗೂ ವಿಷದ ಔಷಧಿ ಬಿದ್ದರೆ ಬೆಳ್ಳಕ್ಕಿ ಮರಿಗೆ ಏನನ್ನು ತಂದು ಉಣಿಸಬೇಕು? ಹೊಳೆಯ ಬೇಲಿ ಹಾಗೆಯೇ ಇದ್ದರೂ ಕಣಜ ಬರಿದಾಗುತ್ತದೆ. ಹಾಗೆಯೇ ಕಥೆಗಳೂ. ಜಗುಲಿಯ ವಾಚನ ನಿಂತಿತು. ದೊಡ್ಡ ಮನೆಗಳ ಮಕ್ಕಳು ಬೆಂಗಳೂರಿಗೂ ಅದರಾಚೆಗೂ ಹೋದರು. ಹತ್ತುಮೀನೆಂದರೇನು, ಹಳು ಸೋವುವುದೆಂದರೇನು, ಮೃಗವಧೆಗೆ ಆ ಹೆಸರೇತಕ್ಕೆ ಎಂದು ಕೇಳಿದರೆ ಹೇಳುವವರು ಕಡಿಮೆಯಾಗುತ್ತಿದ್ದಾರೆ. ನೆನಪು ಬತ್ತಿದ ಊರಿನಲ್ಲಿ ಪುರಾಣವು ಬರಿಯ ಹೆಸರಿನ ಹಲಗೆಯಾಗಿ ಉಳಿಯುತ್ತದೆ. ಕವಿಯ ಕಾವ್ಯವು ಕಪಾಟಿನ ಪುಸ್ತಕವಾಗುತ್ತದೆ.

ಇದಕ್ಕೆ ಮನೆಗಳಲ್ಲಿ ಮಾಡಬಹುದಾದದ್ದು ದೊಡ್ಡ ಕೆಲಸವೇನೂ ಅಲ್ಲ. ಶ್ರಾವಣ ಭಾದ್ರಪದಗಳಲ್ಲಿ ಅನುಕೂಲವಾದವರು ಮಕ್ಕಳನ್ನು ಕರೆದುಕೊಂಡು ಒಮ್ಮೆ ಮಂಡಗದ್ದೆಗೆ ಹೋಗಿ ಬನ್ನಿರಿ. ಹಕ್ಕಿಗಳು ದೂರದಲ್ಲಿರುವುದರಿಂದ ಒಂದು ದುರ್ಬೀನು ಇದ್ದರೆ ಒಳ್ಳೆಯದು. ಬೆಳಗಿನ ಹೊತ್ತು ಅಥವಾ ಹಕ್ಕಿಗಳು ಗದ್ದೆಗಳಿಂದ ಗೂಡಿಗೆ ಮರಳುವ ಸಂಜೆಯ ಹೊತ್ತು ನೋಡಲು ತಕ್ಕದ್ದು. ಕೂಗಾಡಬಾರದು, ಕಲ್ಲೆಸೆಯಬಾರದು, ತಿಂಡಿಯ ಕಾಗದ ಪ್ಲಾಸ್ಟಿಕ್ಕುಗಳನ್ನು ಹೊಳೆಗೆ ಬಿಡಬಾರದು. ಮಳೆಗಾಲದ ತುಂಗೆಯ ಸೆಳವಿಗೆ ಯಾರೂ ಇಳಿಯಬಾರದು. ಅಲ್ಲಿಂದ ತೀರ್ಥಹಳ್ಳಿಯ ಮೂಲಕ ಕುಪ್ಪಳಿಗೆ ಹೋದರೆ ಕವಿಯ ಮನೆಯನ್ನು ಕಾಣಬಹುದು. ಅದೀಗ ಎಲ್ಲರಿಗೂ ತೆರೆದ ವಸ್ತುಸಂಗ್ರಹಾಲಯ. ಮನೆಯ ಹಿಂದಿನ ಗುಡ್ಡದ ಮೇಲೆ ಕವಿಶೈಲವಿದೆ. ಬಾಲ್ಯದಿಂದಲೂ ಅವರು ಹೋಗಿ ಕುಳಿತಿರುತ್ತಿದ್ದ ಆ ಬಂಡೆಗಳ ನಡುವೆಯೇ ೧೯೯೪ರ ನವೆಂಬರಿನಲ್ಲಿ ಅವರ ಅಂತ್ಯಕ್ರಿಯೆ ನಡೆಯಿತು.

ಮನೆಗೆ ಬಂದ ಮೇಲೆ, ಮಳೆ ಬೀಳುವ ಒಂದು ಇರುಳು, ‘ಶ್ರೀ ರಾಮಾಯಣ ದರ್ಶನಂ’ ಕಾವ್ಯದ ಮೊದಲ ಭಾಗವನ್ನಾದರೂ ಗಟ್ಟಿಯಾಗಿ ಓದಿರಿ. ಭಾಷೆ ಹಳೆಯದೆಂದು ಅಂಜುವುದು ಬೇಡ. ಕಣ್ಣಿಗೆ ಕಷ್ಟವಾದದ್ದು ಕಿವಿಗೆ ಎಷ್ಟೋ ಸುಲಭ. ಓದುವವರು ಮನೆಯ ಹಿರಿಯರಾಗಿದ್ದು, ಕೇಳುವವರು ಮಂಡಗದ್ದೆಯನ್ನು ಕಂಡುಬಂದ ಮಕ್ಕಳಾಗಿದ್ದರೆ, ಕ್ರೌಂಚದ ಹಕ್ಕಿ ಬಿದ್ದಾಗ ಅವರು ಕೇಳುವ ಪ್ರಶ್ನೆಯನ್ನು ತಡೆಯಬೇಡಿರಿ. ಬೇಡನು ಏಕೆ ಹೊಡೆದ? ಉಳಿದ ಹಕ್ಕಿ ಆಮೇಲೆ ಏನು ಮಾಡಿತು? ರಾಮಾಯಣವನ್ನು ಬರೆದವರೆಲ್ಲರೂ ಉತ್ತರ ಹುಡುಕಿದ್ದು ಈ ಪ್ರಶ್ನೆಗಳಿಗೇ. ನಿಮಗೆ ತಿಳಿದ ಉತ್ತರವನ್ನು, ನಿಮ್ಮ ಊರಿನ ಹೊಳೆಯ, ನಿಮ್ಮ ಅಜ್ಜ ಅಜ್ಜಿಯರ ನೆನಪನ್ನು ಸೇರಿಸಿ, ಮಕ್ಕಳಿಗೆ ಹೇಳಿರಿ.